ಮನೆಯಲ್ಲಿದೆ ಪವಿತ್ರ ಗ್ರಂಥ, ಮನದಲ್ಲಿದೆಯೇ?

ಕೆಲವು ವರ್ಷಗಳ ಹಿಂದೆ ನಮ್ಮ ಬಂಧುಗಳ ಮನೆಯಲ್ಲಿ ಒಂದು ಸಾವು ಸಂಭವಿಸಿತು. ತೊಂಬತ್ತರ ಅಂಚಿನಲ್ಲಿದ್ದ ಹಿರಿಯ ಜೀವ, ನೋವಿಲ್ಲದ ಸಾವು. ಅಂತ್ಯವಿಧಿಯ ಬಲಿಪೂಜೆಯಲ್ಲಿ ಮೊದಲ ವಾಚನವನ್ನು ಮೊಮ್ಮಗಳು ಓದಬೇಕೆಂದು ಮನೆಯವರು ನಿಶ್ಚಯಿಸಿದರು. ಜ್ಞಾನಗ್ರಂಥದ ಮೂರನೆಯ ಅಧ್ಯಾಯವನ್ನು ಓದುವಂತೆ ಧರ್ಮಗುರುಗಳು ಸೂಚಿಸಿದರು. ನೀತಿವಂತರ ಆತ್ಮಗಳು ದೇವರ ಕೈಯಲ್ಲಿ ಕ್ಷೇಮವಾಗಿವೆ ಎಂದು ಸಾಂತ್ವನ ಹೇಳುವ ಭಾಗವದು. ಹುಡುಗಿ ಅಲ್ತಾರಿನ ಮೇಲಿದ್ದ ಬೈಬಲನ್ನು ಕೆಳಗಿಳಿಸಿ, ಧೂಳು ಒರೆಸಿ, ಪುಟ ತಿರುವತೊಡಗಿದಳು. ಎಷ್ಟು ತಿರುವಿದರೂ ಜ್ಞಾನಗ್ರಂಥ ಸಿಗಲಿಲ್ಲ. ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ತಾವೂ ಹುಡುಕಿದರು. 'ಪುಟ ಹರಿದುಹೋಗಿರಬೇಕು' ಎಂದರು. ಪುಟ ಹರಿದಿರಲಿಲ್ಲ. ಮದುವೆಯ ಉಡುಗೊರೆಯಾಗಿ ಬಂದಿದ್ದ ಆ ಸುಂದರ ಪ್ರತಿಯಲ್ಲಿ ಆ ಗ್ರಂಥ ಮೊದಲಿಂದಲೇ ಇರಲಿಲ್ಲ. ಅದು ಅರುವತ್ತಾರು ಗ್ರಂಥಗಳ ಆವೃತ್ತಿ. ಕಥೋಲಿಕ ಧರ್ಮಸಭೆ ಅಂಗೀಕರಿಸಿರುವ ಎಪ್ಪತ್ತಮೂರು ಗ್ರಂಥಗಳದ್ದಲ್ಲ.

ಆ ದಿನ ಇಗರ್ಜಿಯಿಂದ ವಾಚನಗ್ರಂಥವನ್ನು ತರಿಸಿ ಕೆಲಸ ಸಾಗಿಸಲಾಯಿತು. ಹುಡುಗಿ ಚೆನ್ನಾಗಿಯೇ ಓದಿದಳು. ಆದರೆ ಒಂದು ವಿಚಾರ ನಮ್ಮನ್ನು ಇಂದಿಗೂ ಕಾಡುತ್ತಿದೆ. ಮೂವತ್ತು ವರ್ಷಗಳಿಂದ ಆ ಗ್ರಂಥ ಆ ಮನೆಯ ಅಲ್ತಾರಿನ ಮೇಲಿತ್ತು. ಪ್ರತಿ ಸಂಜೆ ಅದರ ಮುಂದೆ ಜಪಸರ ಪ್ರಾರ್ಥನೆ ನಡೆಯುತ್ತಿತ್ತು. ಆದರೂ ಅದರಲ್ಲಿ ಏಳು ಗ್ರಂಥಗಳಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಅಂದರೆ ಮೂವತ್ತು ವರ್ಷಗಳಲ್ಲಿ ಯಾರೂ ಅವುಗಳನ್ನು ಹುಡುಕಿರಲಿಲ್ಲ. ಇದು ಆ ಒಂದು ಮನೆಯ ಕಥೆ ಮಾತ್ರವೇ? ಓದುಗರು ತಂತಮ್ಮ ಮನೆಯ ಅಲ್ತಾರಿನತ್ತ ಒಮ್ಮೆ ನೋಡಿ ಉತ್ತರಿಸಬೇಕು.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. ದೈವಪ್ರಕಟಣೆಯನ್ನು ಕುರಿತು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಮ್' ಎಂಬ ಸಂವಿಧಾನಕ್ಕೆ 2025ರ ನವೆಂಬರ್ 18ರಂದು ಅರುವತ್ತು ವರ್ಷ ತುಂಬಿತು. ಮನುಷ್ಯನ ಬಾಳಿನಲ್ಲಿ ಅರುವತ್ತು ತುಂಬಿದಾಗ ಶಾಂತಿ ಮಾಡಿಸಿ, ನಡೆದು ಬಂದ ದಾರಿಯನ್ನು ಹಿಂದಿರುಗಿ ನೋಡುವ ರೂಢಿ ನಮ್ಮ ನಾಡಿನಲ್ಲಿದೆ. ಈ ಮಹತ್ವದ ದಾಖಲೆಯ ವಿಷಯದಲ್ಲಿಯೂ ಅಂಥ ಒಂದು ಅವಲೋಕನ ಅಗತ್ಯ.

ಮೂರು ವರ್ಷಗಳ ಹೊಯ್ದಾಟ

ಈ ದಾಖಲೆ ಸುಲಭವಾಗಿ ಹುಟ್ಟಿದ್ದಲ್ಲ. 1962ರ ನವೆಂಬರಿನಲ್ಲಿ ಮಹಾಸಭೆಯ ಮುಂದೆ ಬಂದ ಮೊದಲ ಕರಡು ಪ್ರಕಟಣೆಯ 'ಮೂಲಗಳ' ಬಗ್ಗೆ ಮಾತನಾಡಿತ್ತು. ಪವಿತ್ರ ಗ್ರಂಥ ಒಂದು ಮೂಲ, ಪರಂಪರೆ ಇನ್ನೊಂದು ಮೂಲ ಎಂದು ಎರಡು ಪ್ರತ್ಯೇಕ ಬುಗ್ಗೆಗಳಂತೆ ಅವುಗಳನ್ನು ಚಿತ್ರಿಸಿತ್ತು. ಅನೇಕ ಧರ್ಮಾಧ್ಯಕ್ಷರಿಗೆ ಇದು ಸಮ್ಮತವಾಗಲಿಲ್ಲ. ನವೆಂಬರ್ 20ರಂದು ನಡೆದ ಮತದಾನದಲ್ಲಿ ಆ ಕರಡಿನ ಚರ್ಚೆಯನ್ನು ನಿಲ್ಲಿಸಬೇಕೆಂದು 1,368 ಮಂದಿಯೂ ಮುಂದುವರಿಸಬೇಕೆಂದು 822 ಮಂದಿಯೂ ಮತ ನೀಡಿದರು. ನಿಲ್ಲಿಸಲು ಮೂರನೇ ಎರಡರಷ್ಟು ಬಹುಮತ ಬೇಕಿತ್ತು. ಅದು ಸ್ವಲ್ಪದರಲ್ಲಿ ತಪ್ಪಿತು. ಆದರೂ ಮರುದಿನವೇ ಪೋಪ್ ಇಪ್ಪತ್ತಮೂರನೆಯ ಯೊವಾನ್ನರು ಮಧ್ಯೆ ಪ್ರವೇಶಿಸಿ, ಕರಡನ್ನು ಹಿಂದಕ್ಕೆ ಪಡೆದು, ಹೊಸ ಸಮಿತಿಗೆ ಒಪ್ಪಿಸಿದರು. ಬಹುಸಂಖ್ಯಾತರ ಅಂತಃಸಾಕ್ಷಿಗೆ ನಿಯಮದ ಅಡ್ಡಿ ಬರಬಾರದೆಂಬ ವಿವೇಕ ಅವರದಾಗಿತ್ತು. ಮೂರು ವರ್ಷಗಳ ಚರ್ಚೆ, ತಿದ್ದುಪಡಿಗಳ ಬಳಿಕ 1965ರ ನವೆಂಬರ್ 18ರಂದು ಅಂತಿಮ ಮತದಾನ ನಡೆದಾಗ 2,344 ಮಂದಿ ಪರವಾಗಿಯೂ ಕೇವಲ 6 ಮಂದಿ ವಿರೋಧವಾಗಿಯೂ ಮತ ನೀಡಿದರು. ಪೋಪ್ ಆರನೆಯ ಪೌಲರು ಅದನ್ನು ಅಂದೇ ಘೋಷಿಸಿದರು.

ಇಪ್ಪತ್ತಾರು ಪರಿಚ್ಛೇದಗಳ ಈ ಕಿರು ದಾಖಲೆ ಧರ್ಮಸಭೆಯ ಬಾಳಿನಲ್ಲಿ ತಂದ ಬದಲಾವಣೆ ಅಲ್ಪವಲ್ಲ. ಹದಿನಾರನೆಯ ಶತಮಾನದ ಬಿರುಕಿನ ತರುವಾಯ ಜನಭಾಷೆಯ ಬೈಬಲನ್ನು ಶ್ರೀಸಾಮಾನ್ಯರು ಓದಲು ಅನುಮತಿ ಪಡೆಯಬೇಕಾಗಿದ್ದ ಕಾಲವೊಂದಿತ್ತು. ತಪ್ಪು ಅರ್ಥ ಮಾಡಿಕೊಂಡಾರು ಎಂಬ ಆತಂಕವೇ ಅದಕ್ಕೆ ಕಾರಣ. ಆತಂಕ ಸಕಾರಣವಾಗಿದ್ದಿರಬಹುದು, ಆದರೆ ಅದರ ಫಲವಾಗಿ 'ಬೈಬಲ್ ಅವರದು, ಜಪಸರ ನಮ್ಮದು' ಎಂಬ ಒಂದು ಭಾವನೆ ಕಥೋಲಿಕರಲ್ಲಿ ತಲೆಮಾರುಗಳವರೆಗೆ ಬೇರೂರಿತು. 1893ರಲ್ಲಿ ಹದಿಮೂರನೆಯ ಲಿಯೊ, 1943ರಲ್ಲಿ ಹನ್ನೆರಡನೆಯ ಪಿಯುಸ್ ತಮ್ಮ ವಿಶ್ವಪತ್ರಗಳ ಮೂಲಕ ಬೈಬಲ್ ಅಧ್ಯಯನಕ್ಕೆ ಬಾಗಿಲು ತೆರೆದರು. ಅದರಲ್ಲೂ ಎರಡನೆಯದು ಮೂಲಭಾಷೆಗಳಿಂದ ನೇರ ಅನುವಾದಕ್ಕೆ, ಆಯಾ ಗ್ರಂಥದ ಸಾಹಿತ್ಯ ಪ್ರಕಾರವನ್ನು ಅರಿತು ಅರ್ಥೈಸುವುದಕ್ಕೆ ವಿದ್ವಾಂಸರನ್ನು ಹುರಿದುಂಬಿಸಿತು. ಆದರೆ ಆ ಬಾಗಿಲಿನ ಮೂಲಕ ವಿದ್ವಾಂಸರಷ್ಟೇ ಅಲ್ಲ, ಪ್ರತಿಯೊಬ್ಬ ವಿಶ್ವಾಸಿಯೂ ಒಳಗೆ ಬರಬೇಕೆಂದು ಆಗ್ರಹಿಸಿದ ಕೀರ್ತಿ ಮಹಾಸಭೆಗೆ ಸಲ್ಲಬೇಕು.

'ಅದು ಬೈಬಲಿನಲ್ಲಿ ಎಲ್ಲಿದೆ?'

ನಮ್ಮ ಯುವಕರು ಕಾಲೇಜಿನಲ್ಲಿ, ಹಾಸ್ಟೆಲಿನಲ್ಲಿ, ಕೊಲ್ಲಿ ನಾಡಿನ ಕೆಲಸದ ಶಿಬಿರಗಳಲ್ಲಿ ಪದೇ ಪದೇ ಎದುರಿಸುವ ಪ್ರಶ್ನೆಯೊಂದಿದೆ. 'ನೀವು ಮೃತರಿಗಾಗಿ ಪ್ರಾರ್ಥಿಸುತ್ತೀರಿ. ಅದು ಬೈಬಲಿನಲ್ಲಿ ಎಲ್ಲಿದೆ?' ಎಂದು ಇತರ ಸಭೆಗಳ ಸ್ನೇಹಿತರು ಕೇಳುತ್ತಾರೆ. ಉತ್ತರ ತಿಳಿಯದ ಯುವಕ ಒಂದೋ ಸಿಟ್ಟಾಗುತ್ತಾನೆ, ಇಲ್ಲವೇ ಸಂದೇಹಕ್ಕೆ ಒಳಗಾಗುತ್ತಾನೆ. ಕೆಲವರು ಕ್ರಮೇಣ ಇಗರ್ಜಿಯಿಂದ ದೂರ ಸರಿಯುತ್ತಾರೆ. ಹೋದವರನ್ನು ದೂಷಿಸುವುದು ಸುಲಭ. ಅವರ ಹಸಿವನ್ನು ನಾವು ತಣಿಸಿದ್ದೆವೇ ಎಂದು ಕೇಳಿಕೊಳ್ಳುವುದು ಕಷ್ಟ.

ಮೃತರಿಗಾಗಿ ಪ್ರಾರ್ಥಿಸುವ ಪ್ರಸಂಗ ಮಕ್ಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿದೆ. ಯುದ್ಧದಲ್ಲಿ ಮಡಿದ ತನ್ನವರ ಪಾಪನಿವಾರಣೆಗಾಗಿ ಯೂದ ಮಕ್ಕಬಿಯನು ಹಣ ಸಂಗ್ರಹಿಸಿ ಜೆರುಸಲೇಮಿಗೆ ಬಲಿ ಅರ್ಪಿಸಲು ಕಳುಹಿಸುತ್ತಾನೆ. ಆದರೆ ಮೇಲೆ ಹೇಳಿದ ಆ ಮನೆಯ ಬೈಬಲಿನಲ್ಲಿ ಈ ಗ್ರಂಥವೂ ಇರಲಿಲ್ಲ. ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು ಎಂಬ ಈ ಏಳು ಕೃತಿಗಳು ಆದಿ ಕ್ರೈಸ್ತರು ಬಳಸುತ್ತಿದ್ದ ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿದ್ದವು. ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. 1546ರಲ್ಲಿ ಟ್ರೆಂಟ್ ಮಹಾಸಭೆ ಅವುಗಳನ್ನು ಪವಿತ್ರ ಗ್ರಂಥದ ಭಾಗವೆಂದು ಸ್ಪಷ್ಟವಾಗಿ ಸಾರಿತು. ಮಾರ್ಟಿನ್ ಲೂಥರರು 1534ರ ತಮ್ಮ ಜರ್ಮನ್ ಬೈಬಲಿನಲ್ಲಿ ಅವುಗಳನ್ನು ಪೂರ್ತಿ ಕೈಬಿಡದೆ ಪ್ರತ್ಯೇಕ ವಿಭಾಗದಲ್ಲಿ ಇರಿಸಿದ್ದರು. 1826ರಲ್ಲಿ ಲಂಡನ್ನಿನ ಬ್ರಿಟಿಷ್ ಆ್ಯಂಡ್ ಫಾರಿನ್ ಬೈಬಲ್ ಸೊಸೈಟಿ ಈ ಗ್ರಂಥಗಳುಳ್ಳ ಮುದ್ರಣಗಳಿಗೆ ನೆರವು ನೀಡಬಾರದೆಂದು ನಿರ್ಧರಿಸಿದ ನಂತರವಂತೂ ಲೋಕದ ಅನೇಕ ಭಾಷೆಗಳಲ್ಲಿ ಅವುಗಳಿಲ್ಲದ ಬೈಬಲೇ ರೂಢಿಯಾಯಿತು. ಇಷ್ಟು ಚರಿತ್ರೆ ತಿಳಿದಿದ್ದರೆ ನಮ್ಮ ಯುವಕ ಸಿಟ್ಟಾಗದೆ, ಸಂದೇಹಕ್ಕೂ ಒಳಗಾಗದೆ, ಸ್ನೇಹಿತನೊಡನೆ ಸ್ನೇಹದಿಂದಲೇ ಮಾತನಾಡಬಲ್ಲ.

ಇನ್ನೂ ಆಳವಾದ ಉತ್ತರವೊಂದಿದೆ. 'ಬೈಬಲಿನಲ್ಲಿ ಎಲ್ಲಿದೆ?' ಎಂದು ಕೇಳುವಾಗ, ಬೈಬಲ್ ಎಲ್ಲಿಂದ ಬಂತು ಎಂದೂ ಕೇಳಬೇಕಾಗುತ್ತದೆ. ಯೇಸುಸ್ವಾಮಿ ಗ್ರಂಥ ಬರೆಯಲಿಲ್ಲ; ಶಿಷ್ಯರನ್ನು ಆರಿಸಿ ಕಳುಹಿಸಿದರು. ಪ್ರೇಷಿತರು ಮೊದಲು ಬೋಧಿಸಿದರು, ರೊಟ್ಟಿ ಮುರಿದರು, ಜ್ಞಾನಸ್ನಾನ ನೀಡಿದರು, ಬರೆದದ್ದು ತರುವಾಯ. ಯಾವ ಬರಹಗಳು ದೈವಪ್ರೇರಿತ, ಯಾವುವು ಅಲ್ಲ ಎಂದು ಗುರುತಿಸಿದ್ದೂ ಅದೇ ವಿಶ್ವಾಸಿ ಸಮುದಾಯ. ಆದುದರಿಂದ ಗ್ರಂಥವೂ ಪರಂಪರೆಯೂ ಒಂದೇ ದೈವೀ ಬುಗ್ಗೆಯಿಂದ ಹರಿದು ಬಂದು ಒಂದೇ ಗುರಿಯನ್ನು ಸೇರುತ್ತವೆ ಎಂದು ಮಹಾಸಭೆ ಬೋಧಿಸಿತು. ಅಷ್ಟಕ್ಕೆ ನಿಲ್ಲದೆ, ಧರ್ಮಸಭೆಯ ಬೋಧನಾಧಿಕಾರ ದೈವವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕ ಎಂದೂ ಹೇಳಿತು. ಈ ಎರಡನೆಯ ಮಾತನ್ನು ನಾವು ಮೊದಲನೆಯದರಷ್ಟು ಉತ್ಸಾಹದಿಂದ ನೆನಪಿಸಿಕೊಳ್ಳುವುದಿಲ್ಲ ಎನ್ನದೆ ವಿಧಿಯಿಲ್ಲ. ಪರಂಪರೆಯ ಹೆಸರಿನಲ್ಲಿ ನಾವು ಕಾಪಾಡುವ ಎಲ್ಲವೂ ಪ್ರೇಷಿತರ ಪರಂಪರೆಯೇ? ಹಬ್ಬದ ಆಡಂಬರ, ಪಟಾಕಿ, ಯಾರ ಕುಟುಂಬಕ್ಕೆ ಮೊದಲ ಮೇಣದ ಬತ್ತಿ ಎಂಬ ಜಗಳ ಇವೆಲ್ಲ ಯಾವ ಪರಂಪರೆ? ದೈವವಾಕ್ಯದ ಮುಂದೆ ನಿಲ್ಲಿಸಿ ಅವುಗಳನ್ನು ಒರೆಗೆ ಹಚ್ಚುವ ಧೈರ್ಯ ನಮಗಿರಬೇಕು.

ಒಂದು ಪೀಠ, ಎರಡು ಔತಣ

ಬಲಿಪೂಜೆಯಲ್ಲಿ ಧರ್ಮಸಭೆ ತನ್ನ ಮಕ್ಕಳಿಗೆ ಎರಡು ಔತಣಗಳನ್ನು ಬಡಿಸುತ್ತದೆ: ಒಂದು ದೈವವಾಕ್ಯದ್ದು, ಇನ್ನೊಂದು ಪರಮ ಪ್ರಸಾದದ್ದು. 1969ಕ್ಕೆ ಮುಂಚೆ ಭಾನುವಾರದ ವಾಚನಗಳು ವರ್ಷಕ್ಕೊಮ್ಮೆ ಮರುಕಳಿಸುತ್ತಿದ್ದವು. ಹಳೆಯ ಒಡಂಬಡಿಕೆಯ ಧ್ವನಿ ಭಾನುವಾರಗಳಂದು ಬಹುಮಟ್ಟಿಗೆ ಕೇಳಿಬರುತ್ತಿರಲಿಲ್ಲ. ಮಹಾಸಭೆಯ ಆಶಯದಂತೆ ಆ ವರ್ಷ ಹೊಸ ವಾಚನ ಕ್ರಮ ಜಾರಿಗೆ ಬಂತು. ಭಾನುವಾರಗಳಿಗೆ ಮೂರು ವರ್ಷಗಳ ಚಕ್ರ: ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ, ಯೊವಾನ್ನನ ಶುಭಸಂದೇಶ ವಿಶೇಷವಾಗಿ ತಪಸ್ಸುಕಾಲ ಮತ್ತು ಪಾಸ್ಕಕಾಲದಲ್ಲಿ. ವಾರದ ದಿನಗಳಿಗೆ ಎರಡು ವರ್ಷಗಳ ಚಕ್ರ. ತಪ್ಪದೆ ಭಾನುವಾರದ ಬಲಿಪೂಜೆಗೆ ಬರುವ ಒಬ್ಬ ಅನಕ್ಷರಸ್ಥ ತಾಯಿ ಕೂಡ ಮೂರು ವರ್ಷಗಳಲ್ಲಿ ಶುಭಸಂದೇಶಗಳ ಬಹುಭಾಗವನ್ನು ಕಿವಿಯಾರೆ ಕೇಳುತ್ತಾಳೆ. ಇತರ ಕ್ರೈಸ್ತ ಸಭೆಗಳಲ್ಲಿ ಹಲವು ಈ ಕ್ರಮವನ್ನೇ ಆಧರಿಸಿ ತಮ್ಮ ವಾಚನ ಪಟ್ಟಿಯನ್ನು ರೂಪಿಸಿಕೊಂಡವು ಎಂಬುದು ಗಮನಾರ್ಹ.

ಆದರೆ ಬಡಿಸಿದ್ದೆಲ್ಲ ಹೊಟ್ಟೆಗೆ ಸೇರಿತೇ? ಕರಾವಳಿಯ ಕಥೋಲಿಕರಿಗೆ ಅತ್ಯಂತ ಪ್ರಿಯವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನೇ ತೆಗೆದುಕೊಳ್ಳೋಣ. ಮಕ್ಕಳು ಹೂ ಅರ್ಪಿಸುತ್ತಾರೆ; ಹೊಸ ತೆನೆ ಆಶೀರ್ವದಿಸಲ್ಪಟ್ಟು ಮನೆಮನೆಗೆ ಹಂಚಿಕೆಯಾಗುತ್ತದೆ. ಅಂದಿನ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯದ ವಂಶಾವಳಿ. ಅಬ್ರಹಾಮನಿಂದ ಜೋಸೆಫನವರೆಗಿನ ಹೆಸರುಗಳ ಆ ಉದ್ದನೆಯ ಸಾಲನ್ನು ಓದುವಾಗ ಜನ ಕಾಲು ಬದಲಿಸಿ ನಿಲ್ಲುತ್ತಾರೆ. ಮಕ್ಕಳ ಕಣ್ಣು ಹೂವಿನ ಬುಟ್ಟಿಯ ಮೇಲಿರುತ್ತದೆ. ಪುರುಷರ ಹೆಸರುಗಳ ಆ ಸಾಲಿನಲ್ಲಿ ಮರಿಯಳಿಗೆ ಮೊದಲು ನಾಲ್ವರು ಸ್ತ್ರೀಯರು ಏಕೆ ಬಂದರು? ಮಾವನಿಂದ ಅನ್ಯಾಯಕ್ಕೊಳಗಾದ ತಾಮಾರ್, ಜೆರಿಕೋ ಪಟ್ಟಣದ ವೇಶ್ಯೆ ರಾಹಾಬ್, ಹೊಟ್ಟೆಪಾಡಿಗಾಗಿ ಪರರ ಹೊಲದಲ್ಲಿ ತೆನೆ ಆಯ್ದ ಪರದೇಶಿ ವಿಧವೆ ರೂತ್, ದಾವೀದನ ಪಾಪಕ್ಕೆ ಬಲಿಯಾದ ಊರಿಯನ ಹೆಂಡತಿ. ಸಮಾಜ ಅಂಚಿಗೆ ತಳ್ಳಿದವರ ಮೂಲಕವೇ ದೇವರು ರಕ್ಷಣೆಯ ದಾರಿಯನ್ನು ಹಾಯಿಸಿದರು ಎಂಬುದು ಅದರ ಇಂಗಿತ. ಹೊಸ ತೆನೆಯನ್ನು ಕೈಯಲ್ಲಿ ಹಿಡಿದವರಿಗೆ ತೆನೆ ಆಯ್ದ ರೂತಳ ಕಥೆಯನ್ನು ನೆನಪಿಸಲು ಇದಕ್ಕಿಂತ ಒಳ್ಳೆಯ ದಿನ ಯಾವುದಿದೆ? ಕುಲ, ಮನೆತನದ ಹೆಮ್ಮೆ ಇನ್ನೂ ಅಳಿಯದ ನಮ್ಮ ಸಮಾಜದಲ್ಲಿ ಪ್ರಭುವಿನ ವಂಶಾವಳಿ ಎಷ್ಟು ಕಟುವಾದ, ಎಷ್ಟು ಹಿತವಾದ ಪಾಠವನ್ನು ಹೇಳಬಲ್ಲುದು!

ಪ್ರಬೋಧನೆಯ ಹೊಣೆ ಇಲ್ಲಿಯೇ ಬರುತ್ತದೆ. ಪೋಪ್ ಫ್ರಾನ್ಸಿಸರು 2013ರ ತಮ್ಮ ಪ್ರೇಷಿತ ಪ್ರಬೋಧನಾಪತ್ರದಲ್ಲಿ ಈ ವಿಷಯಕ್ಕೆ ಹಲವು ಪುಟಗಳನ್ನೇ ಮೀಸಲಿಟ್ಟರು. 2024ರ ಜೂನ್ 12ರ ಸಾರ್ವಜನಿಕ ಭೇಟಿಯಲ್ಲಿ, ಪ್ರಬೋಧನೆ ಎಂಟು ನಿಮಿಷ ಮೀರಬಾರದು, ಮೀರಿದರೆ ಜನ ನಿದ್ದೆ ಮಾಡುತ್ತಾರೆ ಎಂದು ನಗೆಯಾಡುತ್ತಲೇ ಎಚ್ಚರಿಸಿದರು. ಜನ ಇದನ್ನು ಕೇಳಿ ಸಂತೋಷಪಟ್ಟರು. ಆದರೆ ಎಂಟು ನಿಮಿಷ ಚೆನ್ನಾಗಿ ಮಾತನಾಡಲು ಎಂಟು ಗಂಟೆಗಳ ಸಿದ್ಧತೆ ಬೇಕಾದೀತು ಎಂಬುದನ್ನೂ ನಾವು ಅರಿಯಬೇಕು. ಧರ್ಮಕೇಂದ್ರದ ಕಟ್ಟಡ ನಿಧಿ, ಶಾಲೆಯ ಆಡಳಿತ, ಸಂಘಗಳ ಸಭೆಗಳ ನಡುವೆ ಸಿಲುಕಿದ ಧರ್ಮಗುರುಗಳಿಗೆ ಆ ಸಮಯವನ್ನು ನಾವು ಉಳಿಸಿಕೊಡುತ್ತೇವೆಯೇ? ದೂರುವ ಮೊದಲು ಇದನ್ನು ಯೋಚಿಸುವುದು ನ್ಯಾಯ.

ವಾಚಕರ ವಿಷಯವೂ ಅಷ್ಟೇ. ಬಲಿಪೂಜೆ ಆರಂಭವಾದ ಮೇಲೆ 'ನೀನು ಓದು' ಎಂದು ಯಾರನ್ನೋ ಎಬ್ಬಿಸುವ ಪದ್ಧತಿ ಅನೇಕ ಕಡೆ ಇದೆ. ಓದುವವರು ತಡವರಿಸುತ್ತಾರೆ, ಕೇಳುವವರು ಮುಜುಗರಪಡುತ್ತಾರೆ, ಪ್ರವಾದಿಯ ಗುಡುಗು ಹಾಜರಿ ಪಟ್ಟಿಯಂತೆ ಕೇಳಿಸುತ್ತದೆ. ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ಲೇವಿಯರು ಅದನ್ನು ಬಿಡಿಸಿ ಹೇಳುತ್ತಾರೆ. ಜನ ಅರ್ಥಮಾಡಿಕೊಂಡು ಕಣ್ಣೀರಿಡುತ್ತಾರೆ. ಅರ್ಥವಾದುದರಿಂದಲೇ ಕಣ್ಣೀರು ಬಂತು ಎಂಬುದನ್ನು ಗಮನಿಸಬೇಕು. 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಧರ್ಮಸಭೆಯ ಕಾನೂನನ್ನು ತಿದ್ದಿ, ವಾಚಕರ ಅಧಿಕೃತ ಸೇವಾಪದವಿಯನ್ನು ಸ್ತ್ರೀಯರಿಗೂ ತೆರೆದರು. ಅದಕ್ಕೂ ಮುಂಚಿನಿಂದಲೇ ನಮ್ಮ ಸ್ತ್ರೀಯರು ವಾಚನಗಳನ್ನು ಓದುತ್ತಿದ್ದರು. ಆದರೆ ತರಬೇತಿ ಪಡೆದು, ಸ್ಥಿರವಾಗಿ ನೇಮಕಗೊಂಡ ಸೇವಕಿಯರಾಗಿ ಅವರನ್ನು ನಿಲ್ಲಿಸುವ ಅವಕಾಶವನ್ನು ಎಷ್ಟು ಧರ್ಮಕೇಂದ್ರಗಳು ಬಳಸಿಕೊಂಡಿವೆ ಎಂಬುದು ಆತ್ಮಾವಲೋಕನದ ವಿಷಯ.

ಮೊಬೈಲಿನಲ್ಲಿ ಬರುವ ವಾಕ್ಯ

ಇಂದಿನ ಸಮಸ್ಯೆ ಬೈಬಲ್ ದೊರಕದಿರುವುದಲ್ಲ. ಅದು ತುಂಡು ತುಂಡಾಗಿ ದೊರಕುವುದು. ಬೆಳಗಾದರೆ ಸಾಕು, ವಾಟ್ಸ್‌ಆ್ಯಪಿನಲ್ಲಿ ಹೂವಿನ ಚಿತ್ರದ ಮೇಲೆ ಒಂದು ವಾಕ್ಯ ಬಂದಿರುತ್ತದೆ. ಹೆಚ್ಚಾಗಿ ಬರುವವುಗಳಲ್ಲಿ ಒಂದು ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯದ ಹನ್ನೊಂದನೆಯ ವಚನ. ದೇವರು ನಮಗಾಗಿ ಒಳ್ಳೆಯ ಯೋಜನೆಗಳನ್ನು ಇಟ್ಟುಕೊಂಡಿದ್ದಾರೆ ಎಂಬುದು ಅದರ ಭಾವ. ಉದ್ಯೋಗಕ್ಕೆ ಸಂದರ್ಶನವಿರುವ ಹುಡುಗನಿಗೆ, ವೀಸಾ ಕಾಯುತ್ತಿರುವ ದಂಪತಿಗಳಿಗೆ ಅದನ್ನು ಕಳುಹಿಸುತ್ತೇವೆ. ನಾಳೆಯೇ ಫಲ ಸಿಗುತ್ತದೆಂದು ಅವರು ನಂಬುತ್ತಾರೆ. ಸಿಗದಿದ್ದರೆ ದೇವರು ಮಾತು ತಪ್ಪಿದರೆಂದು ಕೊರಗುತ್ತಾರೆ.

ಅಧ್ಯಾಯವನ್ನು ಆರಂಭದಿಂದ ಓದಿದರೆ ಚಿತ್ರ ಬೇರೆಯೇ. ಅದು ಬಾಬಿಲೋನಿಗೆ ಸೆರೆಹೋದ ಜನರಿಗೆ ಪ್ರವಾದಿ ಬರೆದ ಪತ್ರ. ಬೇಗನೆ ಊರಿಗೆ ಮರಳುತ್ತೀರೆಂದು ಸಿಹಿಮಾತು ಹೇಳುವ ಸುಳ್ಳು ಪ್ರವಾದಿಗಳನ್ನು ನಂಬಬೇಡಿ ಎಂದು ಅವನು ಎಚ್ಚರಿಸುತ್ತಾನೆ. ಎಪ್ಪತ್ತು ವರ್ಷ ಹಿಡಿಯುತ್ತದೆ ಎನ್ನುತ್ತಾನೆ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಆ ಪರನಗರದ ಒಳಿತಿಗಾಗಿ ಪ್ರಾರ್ಥಿಸಿ ಎಂದು ಉಪದೇಶಿಸುತ್ತಾನೆ. ಮುಂಬಯಿಗೆ, ಕೊಲ್ಲಿಗೆ, ಇದೀಗ ಕೆನಡಕ್ಕೆ, ಆಸ್ಟ್ರೇಲಿಯಕ್ಕೆ ಮಕ್ಕಳನ್ನು ಕಳುಹಿಸಿ ಮುಚ್ಚಿದ ಬಾಗಿಲುಗಳ ಮನೆಗಳನ್ನು ಕಾಯುತ್ತಿರುವ ಕರಾವಳಿಗೆ ಈ ಪತ್ರ ಎಷ್ಟು ಹತ್ತಿರದ್ದು! ಒಂಟಿ ವಚನ ಹೇಳಿದ್ದು ಬೇಗನೆ ಸಿಗುವ ಸುಖವನ್ನು. ಇಡೀ ಅಧ್ಯಾಯ ಹೇಳಿದ್ದು ತಾಳ್ಮೆಯ ಭರವಸೆಯನ್ನು. ಸೋತವನಿಗೆ ಯಾವುದು ನಿಜವಾದ ಸಾಂತ್ವನ ಎಂದು ಬೇರೆ ಹೇಳಬೇಕಿಲ್ಲ.

ಮಾನವ ಲೇಖಕನ ಉದ್ದೇಶ, ಕಾಲ, ಸಾಹಿತ್ಯ ಪ್ರಕಾರಗಳನ್ನು ಅರಿಯದೆ ದೇವರ ಮಾತನ್ನು ಅರಿಯಲಾಗದು ಎಂದು ಮಹಾಸಭೆ ಹೇಳಿದ್ದು ಇದಕ್ಕಾಗಿಯೇ. 1993ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗವು ಬೈಬಲಿನ ವ್ಯಾಖ್ಯಾನವನ್ನು ಕುರಿತ ತನ್ನ ದಾಖಲೆಯಲ್ಲಿ ವಿವಿಧ ಅಧ್ಯಯನ ಪದ್ಧತಿಗಳ ಗುಣದೋಷಗಳನ್ನು ಸಮಚಿತ್ತದಿಂದ ತೂಗಿತು. ಆದರೆ ಅಕ್ಷರಕ್ಕೆ ಅಕ್ಷರ ಹಿಡಿದು ಓದುವ ಮೂಲಭೂತವಾದಿ ಪದ್ಧತಿಯನ್ನು ಮಾತ್ರ ಅಪಾಯಕಾರಿ ಎಂದು ಖಂಡಿಸಿತು. ಬಾಳಿನ ಜಟಿಲ ಪ್ರಶ್ನೆಗಳಿಗೆ ಅದು ಸಿದ್ಧ ಉತ್ತರ ಕೊಟ್ಟು ಜನರನ್ನು ಮರುಳು ಮಾಡುತ್ತದೆ ಎಂಬುದು ಅದರ ಅಭಿಪ್ರಾಯ. ಔಷಧ ನಿಲ್ಲಿಸಿ ವಚನ ಪಠಿಸಿದರೆ ರೋಗ ಗುಣವಾಗುತ್ತದೆ ಎಂದು ನಂಬಿ ಕಷ್ಟಕ್ಕೆ ಸಿಲುಕಿದವರನ್ನು ಕಂಡವರಿಗೆ ಇದು ಬರೀ ಪಂಡಿತರ ಚರ್ಚೆಯಲ್ಲ; ಜೀವದ ಪ್ರಶ್ನೆ.

ಯಾವ ಭಾಷೆಯಲ್ಲಿ?

ನಾಲ್ಕನೆಯ ಶತಮಾನದ ಕೊನೆಯಲ್ಲಿ ಸಂತ ಜೆರೋಮರು ಬೈಬಲನ್ನು ಲತೀನಿಗೆ ಅನುವಾದಿಸಿದಾಗ ಲತೀನ್ ಜನರಾಡುವ ಭಾಷೆಯಾಗಿತ್ತು. ಪವಿತ್ರ ಗ್ರಂಥವನ್ನು ಅರಿಯದವನು ಕ್ರಿಸ್ತರನ್ನೇ ಅರಿಯದವನು ಎಂಬುದು ಅವರ ದೃಢ ನಿಲುವು. ಕನ್ನಡದಲ್ಲಿ ಆ ಕೆಲಸವನ್ನು ಮೊದಲು ಕೈಗೊಂಡವರು ಕಥೋಲಿಕರಲ್ಲ ಎಂಬ ಸತ್ಯವನ್ನು ಕೃತಜ್ಞತೆಯಿಂದಲೇ ಒಪ್ಪಿಕೊಳ್ಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಬಳ್ಳಾರಿಯಲ್ಲಿ ದುಡಿದು 1831ರ ಹೊತ್ತಿಗೆ ಸಂಪೂರ್ಣ ಬೈಬಲನ್ನು ಕನ್ನಡಕ್ಕೆ ತಂದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಆ ಕಾರ್ಯವನ್ನು ಮುಂದುವರಿಸಿದರು. ಮಹಾಸಭೆಯಾದರೋ, ಬೇರ್ಪಟ್ಟ ಸೋದರರೊಂದಿಗೆ ಕೂಡಿ ಅನುವಾದ ಮಾಡಬಹುದೆಂದು ಸ್ಪಷ್ಟ ಅನುಮತಿ ನೀಡಿತು. 1968ರಲ್ಲಿ ಬೈಬಲ್ ಸೊಸೈಟಿಗಳೊಂದಿಗೆ ಸಹಕಾರಕ್ಕೆ ನಿಯಮಗಳೂ ರೂಪುಗೊಂಡವು. ನಮ್ಮ ಬೆಂಗಳೂರಿನಲ್ಲಿ 1967ರಲ್ಲಿ ಡಿ. ಎಸ್. ಅಮಲೋರ್ಪವದಾಸರ ನೇತೃತ್ವದಲ್ಲಿ ಆರಂಭವಾದ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನೆಯ ರಾಷ್ಟ್ರೀಯ ಕೇಂದ್ರವು ಇಡೀ ದೇಶದಲ್ಲಿ ಮಹಾಸಭೆಯ ಆಶಯವನ್ನು ಬಿತ್ತಿತು.

ಈ ಬಿತ್ತನೆಯ ಹಾದಿ ಸುಗಮವಾಗಿರಲಿಲ್ಲ. 2008ರಲ್ಲಿ ಮುಂಬಯಿಯಿಂದ ಪ್ರಕಟವಾದ ನ್ಯೂ ಕಮ್ಯುನಿಟಿ ಬೈಬಲ್ ಎಂಬ ಇಂಗ್ಲಿಷ್ ಆವೃತ್ತಿ ಟಿಪ್ಪಣಿಗಳಲ್ಲಿ ಭಾರತೀಯ ಧರ್ಮಗ್ರಂಥಗಳನ್ನು ಉಲ್ಲೇಖಿಸಿತು. ಸೀರೆಯುಟ್ಟ ಮರಿಯಮ್ಮನ ರೇಖಾಚಿತ್ರವೂ ಅದರಲ್ಲಿತ್ತು. ಕೆಲವರು ಮೆಚ್ಚಿದರು, ಕೆಲವರು ಕಟುವಾಗಿ ಟೀಕಿಸಿದರು. ಕೊನೆಗೆ 2011ರಲ್ಲಿ ಪರಿಷ್ಕೃತ ಆವೃತ್ತಿ ಬಂತು. ವಾದ ಏನೇ ಇರಲಿ, ಅಷ್ಟು ಮಂದಿ ಟಿಪ್ಪಣಿ ಓದಿ ವಾದಿಸಿದರು ಎಂಬುದೇ ಜೀವಂತಿಕೆಯ ಲಕ್ಷಣ. 2018ರಲ್ಲಿ ಭಾರತೀಯ ಧರ್ಮಾಧ್ಯಕ್ಷರ ಮನ್ನಣೆಯೊಂದಿಗೆ ಬೆಂಗಳೂರಿನಿಂದ ಪ್ರಕಟವಾದ ಇಂಗ್ಲಿಷ್ ಸ್ಟ್ಯಾಂಡರ್ಡ್ ವರ್ಶನ್ನಿನ ಕಥೋಲಿಕ ಆವೃತ್ತಿಯನ್ನು 2020ರಿಂದ ಭಾರತದ ಇಂಗ್ಲಿಷ್ ಬಲಿಪೂಜೆಗಳಲ್ಲಿ ಬಳಸಲಾಗುತ್ತಿದೆ. 2024ರ ಆಗಮನ ಕಾಲದಿಂದ ಇಂಗ್ಲೆಂಡ್ ಮತ್ತು ವೇಲ್ಸಿನ ಧರ್ಮಸಭೆಯೂ ಅದೇ ಅನುವಾದವನ್ನು ಸ್ವೀಕರಿಸಿತು. ಬೆಂಗಳೂರಿನಲ್ಲಿ ಬೆಳಕು ಕಂಡ ಬೈಬಲನ್ನು ಲಂಡನ್ನಿನಲ್ಲಿ ಓದುವ ಕಾಲ ಬಂದಿದೆ!

ಆದರೆ ಮಂಗಳೂರಿನ ಮಗು ಯಾವ ಬೈಬಲ್ ಓದುತ್ತದೆ? ಮನೆಯಲ್ಲಿ ಕೊಂಕಣಿ ಮಾತು, ಇಗರ್ಜಿಯಲ್ಲಿ ಕೊಂಕಣಿ ಪ್ರಾರ್ಥನೆ, ಬರಹ ಕನ್ನಡ ಲಿಪಿಯಲ್ಲಿ, ಶಾಲೆ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡ ಅಕ್ಷರಗಳನ್ನು ತಡವರಿಸಿ ಓದುವ ಮಗುವಿಗೆ ಕೊಂಕಣಿ ಬೈಬಲ್ ಕೈಗೆಟಕದು. ಇಂಗ್ಲಿಷ್ ಬೈಬಲ್ ಪಾಠಪುಸ್ತಕದಂತೆ ಕಾಣುತ್ತದೆ, ಅಜ್ಜಿಯ ದನಿಯಂತೆ ಕೇಳಿಸುವುದಿಲ್ಲ. ಭಾಷೆ ಕಳೆದುಕೊಂಡ ಮನೆಯಲ್ಲಿ ದೈವವಾಕ್ಯಕ್ಕೆ ನೆಲೆ ಸಿಗುವುದು ಕಷ್ಟ. ಮಕ್ಕಳಿಗೆ ಮನೆಯಲ್ಲಿ ನಾಲ್ಕು ಅಕ್ಷರ ಕಲಿಸುವುದೂ ಇಂದು ಒಂದು ಧರ್ಮಕಾರ್ಯವೇ ಆಗಿದೆ.

ಮಾಡಬಹುದಾದ ಸಣ್ಣ ಕಾರ್ಯಗಳು

ಪೋಪ್ ಫ್ರಾನ್ಸಿಸರು 2019ರ ಸೆಪ್ಟೆಂಬರ್ 30ರಂದು, ಸಂತ ಜೆರೋಮರ ಹಬ್ಬದ ದಿನ ಹೊರಡಿಸಿದ ಪತ್ರದ ಮೂಲಕ ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೈವವಾಕ್ಯದ ಭಾನುವಾರವೆಂದು ಗೊತ್ತುಪಡಿಸಿದರು. ಪ್ರತಿ ವರ್ಷ ಜನವರಿಯ ಕೊನೆಯ ಭಾಗದಲ್ಲಿ, ಕ್ರೈಸ್ತೈಕ್ಯಕ್ಕಾಗಿ ಪ್ರಾರ್ಥಿಸುವ ವಾರದ ಆಸುಪಾಸಿನಲ್ಲಿ ಅದು ಬರುತ್ತದೆ. ಅಂದು ಬೈಬಲನ್ನು ಹೂವಿನಿಂದ ಅಲಂಕರಿಸಿ ಮೆರವಣಿಗೆ ಮಾಡುವುದು ಒಳ್ಳೆಯದೇ. ಆದರೆ ಮೆರವಣಿಗೆ ಮುಗಿದ ಮೇಲೆ ಗ್ರಂಥ ಮತ್ತೆ ಕಪಾಟು ಸೇರಿದರೆ ನಾವು ಗೌರವಿಸಿದ್ದು ಕಾಗದವನ್ನು, ವಾಕ್ಯವನ್ನಲ್ಲ.

ದೊಡ್ಡ ಯೋಜನೆಗಳು ಬೇಡ. ಶನಿವಾರ ಸಂಜೆ ಜಪಸರದ ನಂತರ ಮರುದಿನದ ಶುಭಸಂದೇಶವನ್ನು ಮನೆಯ ಒಬ್ಬರು ಓದಲಿ, ಉಳಿದವರು ಕೇಳಲಿ, ಮನಸ್ಸಿಗೆ ತಟ್ಟಿದ ಒಂದು ಮಾತನ್ನು ಒಬ್ಬೊಬ್ಬರೂ ಹೇಳಲಿ. ಹತ್ತು ನಿಮಿಷ ಸಾಕು. ನಮ್ಮ ಕಿರು ಕ್ರೈಸ್ತ ಸಮುದಾಯಗಳ ಕೂಟಗಳಲ್ಲಿ ವಂತಿಗೆ ಲೆಕ್ಕ ಮತ್ತು ಪ್ರಕಟಣೆಗಳಿಗಿಂತ ಮೊದಲು ವಾಕ್ಯಕ್ಕೆ ಸ್ಥಾನ ಸಿಗಲಿ. ವಾಚಕರಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ನಡೆಯಲಿ. ಮದುವೆಗೆ ಬೈಬಲ್ ಉಡುಗೊರೆ ಕೊಡುವವರು ಮೊದಲು ಪರಿವಿಡಿಯನ್ನು ನೋಡಿಕೊಳ್ಳಲಿ. 2014ರ ಏಪ್ರಿಲ್ 6ರಂದು ಪೋಪ್ ಫ್ರಾನ್ಸಿಸರು ಸಂತ ಪೇತ್ರರ ಚೌಕದಲ್ಲಿ ನೆರೆದವರಿಗೆ ಜೇಬಿನಲ್ಲಿ ಹಿಡಿಯುವಷ್ಟು ಸಣ್ಣ ಶುಭಸಂದೇಶದ ಪ್ರತಿಗಳನ್ನು ಹಂಚಿಸಿದ್ದರು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಕಾಯುವಾಗ ಓದಬಹುದೆಂಬುದು ಅವರ ಸರಳ ಸಲಹೆ. ಇಂದು ಜೇಬಿನಲ್ಲಿ ಮೊಬೈಲ್ ಇದೆ. ಒಂಟಿ ವಚನದ ಬದಲು ಒಂದು ಪೂರ್ಣ ಅಧ್ಯಾಯವನ್ನು ಅದರಲ್ಲೇ ಓದಬಹುದು.

ಫ್ರಾನ್ಸಿಸರ ಆ ಪತ್ರದ ಹೆಸರು ಲೂಕನ ಶುಭಸಂದೇಶದ ಕೊನೆಯ ಅಧ್ಯಾಯದಿಂದ ಬಂದದ್ದು. ಎಮ್ಮಾವಿಗೆ ಹೊರಟ ಇಬ್ಬರು ನಿರಾಶ ಶಿಷ್ಯರ ಕಥೆ ಇರುವುದು ಅಲ್ಲಿಯೇ. ದಾರಿಯಲ್ಲಿ ಪ್ರಭು ಅವರಿಗೆ ಗ್ರಂಥವನ್ನು ಬಿಡಿಸಿ ಹೇಳಿದಾಗ ಎದೆ ಬೆಚ್ಚಗಾಯಿತು. ಮನೆಯಲ್ಲಿ ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ಮೊದಲನೆಯದು ಇಲ್ಲದೆ ಎರಡನೆಯದು ಆಗಲಿಲ್ಲ. ನಾವು ಭಾನುವಾರ ರೊಟ್ಟಿಗಾಗಿ ಬರುತ್ತೇವೆ. ದಾರಿಯ ಸಂಭಾಷಣೆಯನ್ನು ಮಾತ್ರ ತಪ್ಪಿಸಿಕೊಳ್ಳುತ್ತಿದ್ದೇವೆ.

ಮೇಲೆ ಹೇಳಿದ ಮನೆಗೆ ಇತ್ತೀಚೆಗೆ ಹೋಗಿದ್ದೆವು. ಅಲ್ತಾರಿನ ಮೇಲೆ ಹಳೆಯ ಬೈಬಲ್ ಹಾಗೆಯೇ ಇತ್ತು. ಉಡುಗೊರೆ ಕೊಟ್ಟವರ ನೆನಪಿಗೆಂದು ಅದನ್ನು ತೆಗೆದಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಪ್ರತಿ ಬಂದಿತ್ತು. ಅದರ ಅಂಚು ಆಗಲೇ ಸ್ವಲ್ಪ ಮಾಸಿತ್ತು. ಜ್ಞಾನಗ್ರಂಥದ ಮೂರನೆಯ ಅಧ್ಯಾಯದ ಬಳಿ ಅಜ್ಜಿಯ ಪುಣ್ಯಸ್ಮರಣೆಯ ಚೀಟಿಯನ್ನು ಮೊಮ್ಮಗಳು ಗುರುತಿಗಾಗಿ ಇಟ್ಟಿದ್ದಳು. ಅರುವತ್ತು ವರ್ಷಗಳ ಹಿಂದೆ ರೋಮಿನಲ್ಲಿ ಮತ ನೀಡಿದ ಆ ಎರಡು ಸಾವಿರಕ್ಕೂ ಮಿಕ್ಕಿದ ಧರ್ಮಾಧ್ಯಕ್ಷರು ಬಯಸಿದ್ದು ಬಹುಶಃ ಇಷ್ಟನ್ನೇ.